ಶ್ವಾಸಕೋಶದ ಕ್ಯಾನ್ಸರ್: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕುರಿತವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ. ಉತ್ತರಿಸಿದವರು ಕ್ಯಾನ್ಸರ್ ಮತ್ತು ಶ್ವಾಸಕೋಶ ವಿಭಾಗದ ವೈದ್ಯರು.

ತಂದೆಯವರಿಗೆ 61 ವರ್ಷ. ಮೂವತ್ತು ವರ್ಷ ಬೀಡಿ ಸೇದಿದ್ದಾರೆ. ಕೆಮ್ಮು, ತೂಕ ಇಳಿಯುತ್ತಿದೆ ಎಂದು ತೋರಿಸಿದಾಗ ಎದೆಯ ಫೋಟೋ ನೋಡಿ ಟಿಬಿ ಗುಳಿಗೆ ಶುರು ಮಾಡಿದರು. ಕಫದಲ್ಲಿ ಟಿಬಿ ಸಿಕ್ಕಿರಲಿಲ್ಲ. ಮೂರು ತಿಂಗಳಾಯಿತು, ಕೆಮ್ಮು ಹಾಗೇ ಇದೆ, ಈಗ ಕಫದಲ್ಲಿ ರಕ್ತವೂ ಬರುತ್ತಿದೆ. ಆರು ತಿಂಗಳ ಕೋರ್ಸ್ ಮುಗಿಸಿಯೇ ನೋಡೋಣವೇ? (ಹುನಗುಂದ)

ಬೇಡ, ಈ ವಾರವೇ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ. ಮೊದಲು ಟಿಬಿ ಎಂದು ಅನುಮಾನಿಸಿದ್ದು ತಪ್ಪಲ್ಲ. ನಮ್ಮ ಕಡೆ ಟಿಬಿ ಹೆಚ್ಚು, ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರದ ನೆರಳಾಗಿ ಕಾಣುತ್ತವೆ, ತೂಕ ಇಳಿಯುವುದು, ಕಫದಲ್ಲಿ ರಕ್ತ ಬರುವುದು ಎರಡರಲ್ಲೂ ಉಂಟು. ಆದರೆ ಟಿಬಿ ಗುಳಿಗೆ ನಾಟಿದ್ದರೆ ಮೊದಲ ಎರಡು ತಿಂಗಳು ಮುಗಿಯುವಷ್ಟರಲ್ಲಿ ಜ್ವರ ಇಳಿದು, ಹಸಿವು ಮರಳಿ, ತೂಕ ಒಂದೆರಡು ಕೆ.ಜಿ. ಏರಬೇಕು. ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಯಲ್ಲಿ ಟಿಬಿ ಸಿಗದೆ, ಎರಡು ತಿಂಗಳಿಗೂ ಗುಣ ಕಾಣದಿದ್ದರೆ ರೋಗ ಬೇರೆ ಇರಬಹುದು ಎಂದೇ ಹಿಡಿದು ಹುಡುಕಬೇಕು. ಅದರಲ್ಲೂ ದನಿ ಒಡೆದು ಮೂರು ವಾರ ಕಳೆದಿದ್ದರೆ, ಮುಖ-ಕುತ್ತಿಗೆ ಊದಿದ್ದರೆ, ಬೆರಳ ತುದಿಗಳು ದಪ್ಪಗಾಗಿ ಉಗುರು ಬಾಗಿದ್ದರೆ, ಭುಜದಿಂದ ಕಿರುಬೆರಳಿನವರೆಗೆ ನೋವು ಇಳಿಯುತ್ತಿದ್ದರೆ ತಡಮಾಡಬೇಡಿ. ಟಿಬಿ ಗುಳಿಗೆಯನ್ನು ಮಾತ್ರ ನೀವಾಗಿ ನಿಲ್ಲಿಸಬಾರದು. ಎರಡೂ ರೋಗ ಒಟ್ಟಿಗೇ ಇರುವವರಿದ್ದಾರೆ.

ಸಿಟಿಯನ್ನು ಬಣ್ಣದ ಇಂಜೆಕ್ಷನ್ ಕೊಟ್ಟೇ ಮಾಡಿಸಬೇಕು. ಎದೆಯ ಜೊತೆಗೆ ಲಿವರ್ ಮತ್ತು ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಗಳೂ ಅದರಲ್ಲಿ ಬರಬೇಕು, ಶ್ವಾಸಕೋಶದ ಕ್ಯಾನ್ಸರ್ ಅಲ್ಲಿಗೆ ಹರಡುವುದು ಜಾಸ್ತಿ. ಇಂಜೆಕ್ಷನ್‌ಗೆ ಮುಂಚೆ ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಅನ್ನು ರಕ್ತದಲ್ಲಿ ನೋಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ತಿಳಿಸಿ.

ಗಂಟು ಕಂಡರೆ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ. ಎಲ್ಲಿಂದ ಚೂರು ತೆಗೆಯುವುದು ಎಂಬುದನ್ನು ಗಂಟು ಇರುವ ಜಾಗ ತೀರ್ಮಾನಿಸುತ್ತದೆ. ಪಕ್ಕೆಗೆ ಹತ್ತಿರವಿದ್ದರೆ ಸಿಟಿ ನೋಡುತ್ತ ಸೂಜಿ ಹಾಕುತ್ತಾರೆ. ಶ್ವಾಸನಾಳಕ್ಕೆ ಅಂಟಿಕೊಂಡಿದ್ದರೆ ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ದುರ್ಬೀನು ನಳಿಕೆ ಇಳಿಸುವುದು. ಎದೆಯ ನಡುವಿನ ಹಾಲ್ಗಂಟುಗಳಿಗೆ (ಲಿಂಫ್ ಗ್ರಂಥಿಗಳಿಗೆ) ಈಬಸ್ ಎಂಬ, ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಬ್ರಾಂಕೋಸ್ಕೋಪಿ. ಕುತ್ತಿಗೆಯಲ್ಲೇ ಗಂಟು ಸಿಕ್ಕರೆ ಎದೆಗೆ ಹೋಗುವುದೇ ಬೇಡ, ಅಲ್ಲಿಂದಲೇ ತೆಗೆದರೆ ರೋಗವೂ ಗೊತ್ತಾಗುತ್ತದೆ, ಎಷ್ಟು ದೂರ ಹಬ್ಬಿದೆ ಎಂಬುದೂ ಗೊತ್ತಾಗುತ್ತದೆ. ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ದಿನ ಗೊತ್ತು ಮಾಡುವಾಗಲೇ ಹೇಳಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ವೈದ್ಯರು ಹೇಳುತ್ತಾರೆ. ಸೂಜಿ ಹಾಕಿದ ಮೇಲೆ ಚುಚ್ಚಿದ ಮಗ್ಗುಲು ಕೆಳಗಾಗುವಂತೆ ಮಲಗಿಸಿ, ಕೆಲವು ಗಂಟೆ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ನಿಲ್ಲುವುದು ಈ ಬಯಾಪ್ಸಿಯ ಮುಖ್ಯ ತೊಂದರೆ. ಸ್ವಲ್ಪವಿದ್ದರೆ ತಾನೇ ಹೀರಿಕೊಳ್ಳುತ್ತದೆ, ಹೆಚ್ಚಿದ್ದರೆ ಎರಡು-ಮೂರು ದಿನ ನಳಿಕೆ ಹಾಕಬೇಕಾಗುತ್ತದೆ. ಮನೆಗೆ ಬಂದ ಮೇಲೆ ಥಟ್ಟನೆ ಎದೆನೋವು, ದಮ್ಮು ಬಂದರೆ ಮರಳಿ ಹೋಗಿ.

ಎಲ್ಲ ಕಡೆ ತಪ್ಪಿಹೋಗುವ ಸಣ್ಣ ಸಂಗತಿಯೊಂದಿದೆ. ತೆಗೆದ ಚೂರುಗಳನ್ನೆಲ್ಲ ಫಾರ್ಮಲಿನ್ ಡಬ್ಬಿಗೇ ಹಾಕಿಬಿಟ್ಟರೆ ಅದರಿಂದ ಟಿಬಿ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಆಗುವುದಿಲ್ಲ, ಏಕೆಂದರೆ ಫಾರ್ಮಲಿನ್ ರೋಗಾಣುಗಳನ್ನು ಸಾಯಿಸುತ್ತದೆ. ಒಂದು ಚೂರು ಸಲೈನ್‌ನಲ್ಲಿ ಟಿಬಿ ಲ್ಯಾಬಿಗೆ, ಉಳಿದವು ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ ಹೋಗಬೇಕು. ನಿಮ್ಮ ತಂದೆಯಂಥವರಲ್ಲಿ ಇದನ್ನು ಬಯಾಪ್ಸಿಗೆ ಮುಂಚೆಯೇ ಕೇಳಿ. ಕೇಳಿದರೆ ಯಾವ ವೈದ್ಯರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸೂಜಿ ಚುಚ್ಚಿದರೆ ಗಡ್ಡೆ ಕೆರಳಿ ಮೈಯೆಲ್ಲ ಹಬ್ಬುತ್ತದೆ ಎನ್ನುತ್ತಾರಲ್ಲ? (ಅಥಣಿ)

ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆಯುವುದು ಬಹಳ ಅಪರೂಪ. ಮೈಯೆಲ್ಲ ಹಬ್ಬಿದವರಲ್ಲಿ ಹೆಚ್ಚಿನವರಿಗೆ ಬಯಾಪ್ಸಿ ಹೊತ್ತಿಗಾಗಲೇ ಹಬ್ಬಿರುತ್ತದೆ, ಗೊತ್ತಾಗುವುದು ಆಮೇಲೆ. ಚೂರು ಪರೀಕ್ಷೆ ಇಲ್ಲದೆ ಕೀಮೋ ಕೊಡುತ್ತೇವೆ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ತಾಯಿಗೆ 54 ವರ್ಷ. ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು, ಸೇದಿದವರಲ್ಲ. ಎದೆಯಲ್ಲಿ ನೀರು ತುಂಬಿ ಎರಡು ಸಲ ತೆಗೆಸಿದೆವು. ಈಗ ಅಡಿನೊಕಾರ್ಸಿನೋಮ ಎಂದು ಬಂದಿದೆ. ಜೀನ್ ಪರೀಕ್ಷೆಗೆ ಎರಡು-ಮೂರು ವಾರ ಕಾಯಿರಿ ಎನ್ನುತ್ತಾರೆ. ಅಷ್ಟರಲ್ಲಿ ರೋಗ ಬೆಳೆಯುವುದಿಲ್ಲವೇ? ಸೇದದವರಿಗೆ ಇದು ಹೇಗೆ ಬಂತು? (ನಿಪ್ಪಾಣಿ)

ಎರಡನೆಯದಕ್ಕೆ ಮೊದಲು ಉತ್ತರ. ಸೇದದವರಲ್ಲಿ ಬರುವ ಶ್ವಾಸಕೋಶದ ಕ್ಯಾನ್ಸರ್ ಬಹುತೇಕ ಇದೇ ಅಡಿನೊಕಾರ್ಸಿನೋಮ ಜಾತಿಯದು, ಹೆಂಗಸರಲ್ಲಿ ಹೆಚ್ಚು. ಸೌದೆ ಒಲೆಯ ಹೊಗೆ, ಮನೆಯಲ್ಲಿ ಇನ್ನೊಬ್ಬರು ಸೇದಿದ ಹೊಗೆ, ಹೊರಗಿನ ಕೆಟ್ಟ ಗಾಳಿ ಇವಕ್ಕೆಲ್ಲ ಪಾಲಿದೆ. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ತಂಬಾಕಿನ ಧೂಳು ಉಸಿರಾಟಕ್ಕೆ ಕೆಟ್ಟದ್ದು ನಿಜ, ಆದರೆ ಸೇದುವುದಕ್ಕೆ ಇರುವಷ್ಟು ಗಟ್ಟಿ ಪುರಾವೆ ಬೀಡಿ ಕಟ್ಟುವುದಕ್ಕಿಲ್ಲ. ತಾಯಿ ದುಡಿದದ್ದೇ ರೋಗಕ್ಕೆ ಕಾರಣ ಎಂಬ ಮಾತನ್ನು ಅವರ ಕಿವಿಗೆ ಹಾಕಬೇಡಿ.

ಜೀನ್ ಪರೀಕ್ಷೆಗೆ ಕಾಯಲೇಬೇಕು. ಭಾರತದ ಅಡಿನೊಕಾರ್ಸಿನೋಮ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇರುತ್ತದೆ. ಸೇದದ ಹೆಂಗಸರಲ್ಲಿ ಈ ಸಾಧ್ಯತೆ ಇನ್ನೂ ಹೆಚ್ಚು. ಎಎಲ್‌ಕೆ ಬದಲಾವಣೆ ಇರುವವರು ನೂರಕ್ಕೆ ಸುಮಾರು ಐದು ಮಂದಿ. ಆರ್‌ಒಎಸ್1, ಬ್ರಾಫ್, ಮೆಟ್, ರೆಟ್ ಇನ್ನೂ ಕಡಿಮೆ, ಆದರೆ ಅವಕ್ಕೂ ಔಷಧ ಇದೆ. ಇಜಿಎಫ್‌ಆರ್ ಇದ್ದರೆ ದಿನಕ್ಕೊಂದು ಗುಳಿಗೆ: ಓಸಿಮರ್ಟಿನಿಬ್ 80 ಮಿ.ಗ್ರಾಂ ಅಥವಾ ಜೆಫಿಟಿನಿಬ್ 250 ಮಿ.ಗ್ರಾಂ. ಎರಡನ್ನೂ ನೇರ ಹೋಲಿಸಿದ ಅಧ್ಯಯನದಲ್ಲಿ ರೋಗ ಹತೋಟಿಯಲ್ಲಿದ್ದ ಅವಧಿ ಓಸಿಮರ್ಟಿನಿಬ್‌ಗೆ ಸರಾಸರಿ 19 ತಿಂಗಳು, ಜೆಫಿಟಿನಿಬ್‌ನಂಥ ಹಳೆಯ ಗುಳಿಗೆಗಳಿಗೆ 10 ತಿಂಗಳು. ಎಎಲ್‌ಕೆ ಇದ್ದರೆ ಅಲೆಕ್ಟಿನಿಬ್ 600 ಮಿ.ಗ್ರಾಂ, ಎರಡು ಹೊತ್ತು, ಊಟದ ಜೊತೆ.

ಕಾಯದೆ ಶುರು ಮಾಡಿದರೆ ಏನಾಗುತ್ತದೆ? ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಇಂಜೆಕ್ಷನ್ ಮೊದಲು ಕೊಟ್ಟು, ಆಮೇಲೆ ಇಜಿಎಫ್‌ಆರ್ ಇದೆ ಎಂದು ಗೊತ್ತಾಗಿ ಓಸಿಮರ್ಟಿನಿಬ್‌ಗೆ ಬದಲಾಯಿಸಿದರೆ ಶ್ವಾಸಕೋಶವೇ ಉರಿಯೂತದಿಂದ ಊದಿಕೊಳ್ಳುವ ಅಪಾಯ ಹೆಚ್ಚುತ್ತದೆ. ತಾಯಿಗೆ ದಮ್ಮು ತುಂಬ ಇದ್ದು ಕಾಯಲು ಆಗದಿದ್ದರೆ ವೈದ್ಯರು ಬರೀ ಕೀಮೋದ ಒಂದು ಸುತ್ತು ಕೊಟ್ಟು ಫಲಿತಾಂಶದ ಹಾದಿ ನೋಡಬಹುದು. ಅದು ಸರಿಯಾದ ಕ್ರಮವೇ.

ಇನ್ನು ಎದೆಯ ನೀರು. ಎರಡು ಸಲ ತೆಗೆದ ನೀರು ಚೆಲ್ಲಿಹೋಗಿರಬಹುದು. ಮುಂದಿನ ಸಲ ಕನಿಷ್ಠ 100 ಮಿ.ಲೀ. ಲ್ಯಾಬಿಗೆ ಕಳಿಸಿ ಸೆಲ್ ಬ್ಲಾಕ್ (ನೀರಿನಲ್ಲಿರುವ ಕೋಶಗಳನ್ನು ಕೂಡಿಸಿ ಮೇಣದಲ್ಲಿ ಇಡುವುದು) ಮಾಡಿ ಎಂದು ಹೇಳಿ. ಬಯಾಪ್ಸಿಯ ಚೂರು ಸಾಲದಿದ್ದರೆ ಜೀನ್ ಪರೀಕ್ಷೆಯನ್ನು ಆ ಬ್ಲಾಕಿನಿಂದಲೇ ಮಾಡಬಹುದು. ಒಂದೇ ಸಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಎಳೆಯಬಾರದು, ಅಮುಕಿಕೊಂಡಿದ್ದ ಶ್ವಾಸಕೋಶ ಥಟ್ಟನೆ ಅರಳಿ ಅದರೊಳಗೇ ನೀರು ಇಳಿಯಬಹುದು. ಪದೇಪದೇ ತುಂಬುತ್ತಿದ್ದರೆ ಸೂಜಿ ಚುಚ್ಚುತ್ತ ಕೂರುವ ಬದಲು ಟಾಲ್ಕ್ ಪುಡಿ ಹಾಕಿ ಶ್ವಾಸಕೋಶದ ಸುತ್ತಲಿನ ಪೊರೆಗಳನ್ನು ಅಂಟಿಸುವುದು, ಇಲ್ಲವೇ ಮನೆಯಲ್ಲೇ ನೀರು ಬಸಿಯುವ ಸಣ್ಣ ನಳಿಕೆ ಬಿಡುವುದು ಒಳ್ಳೆಯದು.

ಮಾವನವರ ರಿಪೋರ್ಟಿನಲ್ಲಿ ಸ್ಕ್ವೇಮಸ್, ಟಿ2 ಎನ್2 ಎಂ0, ಮೂರನೇ ಹಂತ ಎಂದಿದೆ. ಆಪರೇಷನ್ ಆಗದು, ಕರೆಂಟು ಮತ್ತು ಕೀಮೋ ಎಂದರು. ಕೈಬಿಟ್ಟರು ಎಂದರ್ಥವೇ? (ವಿಜಯಪುರ)

ಅಲ್ಲ. ಸ್ಕ್ವೇಮಸ್ ಎಂಬುದು ಶ್ವಾಸಕೋಶದ ಕ್ಯಾನ್ಸರಿನ ಒಂದು ಜಾತಿ. ಟಿ ಎಂದರೆ ಗಡ್ಡೆಯ ಗಾತ್ರ, ಎನ್ ಎಂದರೆ ಹಾಲ್ಗಂಟುಗಳಿಗೆ ಹೋಗಿದೆಯೇ, ಎಂ ಎಂದರೆ ದೂರದ ಅಂಗಕ್ಕೆ ಹಾರಿದೆಯೇ. ಮಾವನವರದ್ದು ಎದೆಯ ನಡುವಿನ ಗಂಟುಗಳವರೆಗೆ ಬಂದಿದೆ, ಅದರಾಚೆ ಹೋಗಿಲ್ಲ. ಇಲ್ಲಿ ಗುರಿ ರೋಗವನ್ನು ಪೂರ್ತಿ ತೆಗೆಯುವುದೇ. ಎಂ0 ಎಂದು ಹೇಗೆ ಹೇಳಿದರು ಎಂದು ಮಾತ್ರ ಒಮ್ಮೆ ಕೇಳಿ. ಮೈಯೆಲ್ಲ ಹುಡುಕುವ ಪೆಟ್-ಸಿಟಿ ಸ್ಕ್ಯಾನ್ ಮತ್ತು ಮೆದುಳಿನ ಎಂಆರ್‌ಐ ಎರಡೂ ಆಗಿರಬೇಕು, ಏಕೆಂದರೆ ಪೆಟ್ ಸ್ಕ್ಯಾನಿನಲ್ಲಿ ಮೆದುಳು ಸರಿಯಾಗಿ ಕಾಣುವುದಿಲ್ಲ. ಪೆಟ್‌ಗೆ ಹೋಗುವಾಗ ಆರು ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ರಕ್ತದ ಸಕ್ಕರೆ 200ಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಚಿತ್ರ ಮಸುಕಾಗಿ ದುಡ್ಡು ದಂಡ.

ನೀವು ಕರೆಂಟು ಎಂದ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ 60 ಗ್ರೇ (ವಿಕಿರಣದ ಅಳತೆ), 30 ಸಲ: ವಾರಕ್ಕೆ ಐದು ದಿನದಂತೆ ಆರು ವಾರ. ಜೊತೆಯಲ್ಲೇ ಕೀಮೋ, ಹೆಚ್ಚಿನ ಕಡೆ ವಾರಕ್ಕೊಮ್ಮೆ. ನಡುವೆ ದಿನ ತಪ್ಪಿಸಬಾರದು. ಹೋಳಿಗೋ ಜಾತ್ರೆಗೋ ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಆ ವಾರದಲ್ಲಿ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ, ಮೊದಲಿನ ಪ್ರಮಾಣ ಸಾಲದಾಗುತ್ತದೆ. ದಿನಾ ಓಡಾಡಲು ಆಗದ ದೂರವಾದರೆ ಆಸ್ಪತ್ರೆ ಹತ್ತಿರವೇ ಕೋಣೆ ಹಿಡಿಯಿರಿ. ಮೂರನೇ ವಾರದಿಂದ ನುಂಗುವಾಗ ಗಂಟಲು, ಎದೆ ಉರಿಯುತ್ತದೆ. ಆಗ ಕಟಕ್ ರೊಟ್ಟಿ, ಖಾರದ ಚಟ್ನಿ ಬಿಟ್ಟು ಜೋಳದ ನುಚ್ಚು-ಮಜ್ಜಿಗೆ, ಹೆಸರುಬೇಳೆ ಕಿಚಡಿ, ಮೆತ್ತಗೆ ಬೇಯಿಸಿದ ಮೊಟ್ಟೆ ಕೊಡಿ. ಮುಗಿದು ಒಂದರಿಂದ ಆರು ತಿಂಗಳೊಳಗೆ ಒಣಕೆಮ್ಮು, ದಮ್ಮು, ಸಣ್ಣ ಜ್ವರ ಬಂದರೆ ಅದು ವಿಕಿರಣದಿಂದ ಶ್ವಾಸಕೋಶ ಊದಿರುವುದಿರಬಹುದು. ಬಗೆಬಗೆಯ ಆ್ಯಂಟಿಬಯೋಟಿಕ್ ನುಂಗುತ್ತ ಕೂರದೆ ವಿಕಿರಣ ಕೊಟ್ಟ ವೈದ್ಯರಿಗೇ ತೋರಿಸಿ, ಅದಕ್ಕೆ ಬೇಕಾಗುವುದು ಸ್ಟಿರಾಯ್ಡ್.

ಆರು ವಾರದ ನಂತರ ರೋಗ ಬೆಳೆಯದಿದ್ದರೆ ಡುರ್ವಾಲುಮ್ಯಾಬ್ ಎಂಬ ಇಮ್ಯುನೋಥೆರಪಿ ಒಂದು ವರ್ಷ. ಐದು ವರ್ಷದ ನಂತರ ಬದುಕಿದ್ದವರು ಈ ಔಷಧ ಪಡೆದವರಲ್ಲಿ ಶೇ. 43, ಪಡೆಯದವರಲ್ಲಿ ಶೇ. 33. ಬೆಲೆ ದೊಡ್ಡದು. 2024ರ ಜುಲೈ ಬಜೆಟ್‌ನಲ್ಲಿ ಇದರ ಮತ್ತು ಓಸಿಮರ್ಟಿನಿಬ್‌ನ ಆಮದು ಸುಂಕ ತೆಗೆದರೂ ಸಾಮಾನ್ಯ ಕುಟುಂಬಕ್ಕೆ ಭಾರವೇ. ಇದನ್ನು ಕೊಳ್ಳಲಾಗದಿದ್ದರೂ ವಿಕಿರಣ-ಕೀಮೋ ಪೂರ್ತಿ ಮುಗಿಸಿ. ಹೊಲ ಮಾರುವ ಮುನ್ನ ಈ ಎರಡು ಅಂಕಿಗಳ ನಡುವಿನ ಅಂತರ ನೋಡಿಕೊಂಡು ಮನೆಯವರೆಲ್ಲ ಕೂತು ಮಾತಾಡಿ.

ಅಣ್ಣನಿಗೆ ಎರಡೂವರೆ ಸೆಂ.ಮೀ. ಗಡ್ಡೆ, ಒಂದನೇ ಹಂತ. ಶ್ವಾಸಕೋಶದ ಭಾಗ ತೆಗೆದರೆ ಹೊಲದ ಕೆಲಸ ಮಾಡಲಾದೀತೇ? (ಗೋಕಾಕ)

ಆಗುತ್ತದೆ, ಈಗಿನ ಉಸಿರಿನ ಬಲ ಸಾಕಷ್ಟಿದ್ದರೆ. ಬಲ ಶ್ವಾಸಕೋಶದಲ್ಲಿ ಮೂರು ಹಾಲೆ, ಎಡದಲ್ಲಿ ಎರಡು. ಸಾಮಾನ್ಯವಾಗಿ ಗಡ್ಡೆ ಇರುವ ಒಂದು ಹಾಲೆಯನ್ನೂ ಸುತ್ತಲಿನ ಹಾಲ್ಗಂಟುಗಳನ್ನೂ ತೆಗೆಯುತ್ತಾರೆ. ಅಂಚಿನಲ್ಲಿದ್ದು 2 ಸೆಂ.ಮೀ. ಒಳಗಿದ್ದರೆ ಹಾಲೆಯ ಒಂದು ಭಾಗ ತೆಗೆದರೂ ಸಾಕಾಗಬಹುದು. ಮುಂಚೆ ಪಿಎಫ್‌ಟಿ ಎಂಬ ಉಸಿರಿನ ಪರೀಕ್ಷೆಯಲ್ಲಿ ಎಫ್‌ಇವಿ1 (ಒಂದು ಸೆಕೆಂಡಿನಲ್ಲಿ ಊದಿ ಹೊರಹಾಕುವ ಗಾಳಿ) ಮತ್ತು ಡಿಎಲ್‌ಸಿಒ (ಶ್ವಾಸಕೋಶದಿಂದ ಗಾಳಿ ರಕ್ತಕ್ಕೆ ಸೇರುವ ಬಲ) ಎರಡನ್ನೂ ನೋಡಿ, ಆಪರೇಷನ್ ನಂತರ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕುತ್ತಾರೆ. ಎರಡೂ ಶೇ. 60ಕ್ಕಿಂತ ಮೇಲೆ ಉಳಿದರೆ ಚಿಂತೆಯಿಲ್ಲ. ಕಡಿಮೆಯಿದ್ದರೆ ಮೆಟ್ಟಿಲು ಹತ್ತಿಸಿ, ನಡೆಸಿ ನೋಡುತ್ತಾರೆ.

ಸೇದುವುದನ್ನು ಇವತ್ತೇ ನಿಲ್ಲಿಸಬೇಕು. ನಾಲ್ಕು ವಾರ ಬಿಟ್ಟಿದ್ದರೂ ಕಫ ಕಟ್ಟಿ ನ್ಯುಮೋನಿಯಾ ಆಗುವುದು ಕಡಿಮೆಯಾಗುತ್ತದೆ. ಬಿಡಲು ಆಗುತ್ತಿಲ್ಲವೆಂದರೆ 1800-11-2356ಕ್ಕೆ ಕರೆ ಮಾಡಿ, ಸರ್ಕಾರದ ಉಚಿತ ಸಹಾಯವಾಣಿ ಅದು. ಆಪರೇಷನ್ ಆದ ಮರುದಿನದಿಂದಲೇ ಎದ್ದು ನಡೆಯಬೇಕು. ಮೂರು ಚೆಂಡಿನ ಉಸಿರಿನ ಆಟಿಕೆಯನ್ನು ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಎಳೆಯಬೇಕು. ನೋವೆಂದು ಕೆಮ್ಮದೆ ಮಲಗಿದವರಿಗೇ ತೊಂದರೆ ಜಾಸ್ತಿ, ದಿಂಬನ್ನು ಎದೆಗೆ ಒತ್ತಿಕೊಂಡು ಕೆಮ್ಮಿಸಿ.

ಹೃದಯ ಅಥವಾ ಉಸಿರು ಆಪರೇಷನ್ ತಡೆಯದಿದ್ದರೆ ಎಸ್‌ಬಿಆರ್‌ಟಿ ಇದೆ. ಗುರಿಯಿಟ್ಟು ಹೆಚ್ಚು ಪ್ರಮಾಣದ ವಿಕಿರಣವನ್ನು ಮೂರರಿಂದ ಎಂಟು ಸಲದಲ್ಲಿ ಮುಗಿಸುತ್ತಾರೆ.

ಹೆಂಡತಿಗೆ ಜೆಫಿಟಿನಿಬ್ ಶುರುವಾಗಿ ತಿಂಗಳಾಯಿತು. ಮುಖದ ತುಂಬ ಮೊಡವೆ, ದಿನಕ್ಕೆ ನಾಲ್ಕು ಸಲ ಭೇದಿ. ಮೆಡಿಕಲ್ ಅಂಗಡಿಯವರು ಗ್ಯಾಸಿನ ಗುಳಿಗೆ ಜೊತೆಗೆ ಕೊಟ್ಟಿದ್ದಾರೆ. (ಮುಧೋಳ)

ಆ ಗ್ಯಾಸಿನ ಗುಳಿಗೆಯೇ ಮೊದಲು ನಿಲ್ಲಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೊಟ್ಟೆಯ ಆಮ್ಲ ಇಳಿಸಿದರೆ ಜೆಫಿಟಿನಿಬ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಇದೇ ಬಗೆಯ ಎರ್ಲೋಟಿನಿಬ್‌ಗೂ ಹೀಗೆಯೇ, ಓಸಿಮರ್ಟಿನಿಬ್‌ಗೆ ಈ ತೊಂದರೆ ಇಲ್ಲ. ಟಿಬಿಗೆ ರಿಫಾಂಪಿಸಿನ್ ಇದ್ದರೆ ಮೂರೂ ಗುಳಿಗೆಗಳ ಬಲ ಕುಗ್ಗುತ್ತದೆ, ಎರಡೂ ಕಡೆಯ ವೈದ್ಯರಿಗೆ ಗೊತ್ತಿರಲಿ.

ಮುಖದಲ್ಲಿ ಎದ್ದಿರುವುದು ಮೊಡವೆ ಅಲ್ಲ, ಔಷಧದ ಪರಿಣಾಮ. ಮೊಡವೆ ಕ್ರೀಮ್ ಹಚ್ಚಿದರೆ ಚರ್ಮ ಇನ್ನಷ್ಟು ಒಣಗಿ ಒಡೆಯುತ್ತದೆ. ಖಾರವಾದ ಸೋಪು ಬಿಡಿ, ಒಣಗದಂತೆ ಮಾಯಿಶ್ಚರೈಸರ್ ಹಚ್ಚಿ, ಬಿಸಿಲಿಗೆ ಸೆರಗು ಮರೆ ಮಾಡಲಿ. ಹೆಚ್ಚಿದ್ದರೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಭೇದಿಗೆ ಲೋಪೆರಮೈಡ್ ಮೊದಲು 4 ಮಿ.ಗ್ರಾಂ, ಆಮೇಲೆ ಪ್ರತಿ ಭೇದಿಗೆ 2, ದಿನಕ್ಕೆ 16 ಮೀರಬಾರದು. ಒಆರ್‌ಎಸ್ ಜೊತೆಗಿರಲಿ. ಹೊಸದಾಗಿ ದಮ್ಮು ಅಥವಾ ಒಣಕೆಮ್ಮು ಬಂದರೆ ಮಾತ್ರ ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ, ಇದು ಅಪರೂಪ ಆದರೆ ಜೀವಕ್ಕೆ ಎರವಾಗುವಂಥದ್ದು.

ಒಂದು ದಿನ ಈ ಗುಳಿಗೆ ಕೆಲಸ ನಿಲ್ಲಿಸುತ್ತದೆ. ಆಗ ಮತ್ತೆ ಜೀನ್ ಪರೀಕ್ಷೆ ಬೇಕು, ರಕ್ತದಿಂದಲೂ ಆಗಬಹುದು. ಟಿ790ಎಂ ಎಂಬ ಬದಲಾವಣೆ ಸಿಕ್ಕರೆ ಓಸಿಮರ್ಟಿನಿಬ್‌ಗೆ ಹೋಗಬಹುದು.

ಸ್ಮಾಲ್ ಸೆಲ್ ಎಂದರೆ ಸಣ್ಣ ಕ್ಯಾನ್ಸರ್ ಅಂತಲೇ? (ಸಿಂದಗಿ)

ಅಲ್ಲ, ಇದು ಬಹು ವೇಗವಾಗಿ ಬೆಳೆಯುವ ಜಾತಿ. ನೂರರಲ್ಲಿ ಸುಮಾರು 15 ಜನಕ್ಕೆ, ಹೆಚ್ಚಾಗಿ ಸೇದಿದವರಿಗೆ. ಆಪರೇಷನ್‌ಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಎಟೊಪೊಸೈಡ್ ಜೊತೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೊಪ್ಲಾಟಿನ್, ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸುತ್ತು. ಎದೆಯ ಒಂದೇ ಕಡೆ ಇದ್ದರೆ ವಿಕಿರಣವೂ ಜೊತೆಗೆ. ಇಲ್ಲಿ ವಾರಗಟ್ಟಲೆ ಕಾಯುವಂತಿಲ್ಲ. ಗಡ್ಡೆ ಬೇಗ ಕರಗುತ್ತದೆ, ಬೇಗ ಮರಳುವುದೂ ಉಂಟು. ರೋಗಿ ಥಟ್ಟನೆ ಗೊಂದಲಕ್ಕೊಳಗಾದರೆ, ತೀರ ಮಂಕಾದರೆ ರಕ್ತದ ಸೋಡಿಯಂ ನೋಡಿಸಿ, ಅದು ಇಳಿದಿರಬಹುದು.

ಎಲ್ಲಿಗೆ ಹೋಗಬೇಕು? ಕಾರ್ಡು ನಡೆಯುತ್ತದೆಯೇ? ಮುಂಬೈಗೇ ಹೋಗಿ ಎನ್ನುತ್ತಾರೆ. (ಜಮಖಂಡಿ)

ಸಿಟಿ, ಬಯಾಪ್ಸಿಗಾಗಿ ಮುಂಬೈ ಬೇಡ. ಬಾಗಲಕೋಟೆಯ ಕುಮಾರೇಶ್ವರ, ವಿಜಯಪುರದ ಬಿ.ಎಂ. ಪಾಟೀಲ, ಬೆಳಗಾವಿಯ ಬಿಮ್ಸ್ ಮತ್ತು ಪ್ರಭಾಕರ ಕೋರೆ ಇವೆಲ್ಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಅಲ್ಲಿಂದ ಶುರು ಮಾಡಿ. ಕ್ಯಾನ್ಸರ್‌ಗೆಂದೇ ಬೆಳಗಾವಿಯಲ್ಲಿ 2025ರ ಜನವರಿಯಲ್ಲಿ ರಾಷ್ಟ್ರಪತಿಯವರು ಉದ್ಘಾಟಿಸಿದ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನ ಸರ್ಕಾರಿ ಕಿದ್ವಾಯಿ ಇವೆ. ಮಹಾರಾಷ್ಟ್ರದ ಮಿರಜಕ್ಕೆ ಹೋಗುವುದು ನಮ್ಮ ಕಡೆಯವರ ಹಳೆಯ ರೂಢಿ. ಗಡಿ ದಾಟುವ ಮುನ್ನ ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಂಡು ಹೋಗಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನೇರ ಖಾಸಗಿಗೆ ಹೋಗಿ ದಾಖಲಾಗಿ, ಆಮೇಲೆ ಪತ್ರಕ್ಕೆ ಓಡಾಡುವವರೇ ಹೆಚ್ಚು, ಅಷ್ಟರಲ್ಲಿ ಕಟ್ಟಿದ ಹಣ ಮರಳುವುದಿಲ್ಲ. ಪಡಿತರ ಚೀಟಿ, ಆಧಾರ್ ಹಿಡಿದು ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಾಣಿ. ಹೊಸ ಔಷಧಗಳೆಲ್ಲ ಪ್ಯಾಕೇಜಿನಲ್ಲಿ ಇರುವುದಿಲ್ಲ, ಯಾವುದಿದೆ ಎಂದು ಹೆಸರು ಹಿಡಿದು ಕೇಳಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಬರೀ ರಿಪೋರ್ಟ್ ಕಾಗದ ಒಯ್ಯಬೇಡಿ. ಸಿಟಿಯ ಸಿಡಿ, ಗಾಜಿನ ಸ್ಲೈಡು, ಮೇಣದ ಬ್ಲಾಕು ಮೂರನ್ನೂ ಕೇಳಿ ಪಡೆಯಿರಿ. ಬ್ಲಾಕ್ ಇಲ್ಲದಿದ್ದರೆ ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ.

ಇಪ್ಪತ್ತು ವರ್ಷದಿಂದ ಗ್ರಾನೈಟ್ ಕೆಲಸ, ಸಿಗರೇಟೂ ಇದೆ. ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿದರೆ ಸಾಕೇ? (ಇಳಕಲ್ಲ)

ಸಾಲದು, ಸಣ್ಣ ಗಡ್ಡೆ ಎಕ್ಸ್‌ರೇಯಲ್ಲಿ ತಪ್ಪಿಹೋಗುತ್ತದೆ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕ್ಯಾನ್ಸರ್ ತರುವಂಥದ್ದೇ, ಟಿಬಿಗೂ ಅದು ದಾರಿ. ವಯಸ್ಸು 50 ದಾಟಿದ್ದು, ದಿನಕ್ಕೊಂದು ಪ್ಯಾಕಿನಂತೆ 20 ವರ್ಷ ಸೇದಿದವರಿಗೆ ಕಡಿಮೆ ವಿಕಿರಣದ ಸಿಟಿಯನ್ನು ವರ್ಷಕ್ಕೊಮ್ಮೆ ಮಾಡಿಸುವುದು ಅಮೆರಿಕದ ಪದ್ಧತಿ. ನಮ್ಮಲ್ಲಿ ಹಳೆಯ ಟಿಬಿ ಕಲೆಗಳೇ ಗಂಟಿನಂತೆ ಕಂಡು ಬೇಡದ ಬಯಾಪ್ಸಿಗೆ ಎಳೆಯುತ್ತವೆ. ಆದ್ದರಿಂದ ಶ್ವಾಸಕೋಶ ತಜ್ಞರೊಂದಿಗೆ ಮಾತಾಡಿಯೇ ಮಾಡಿಸಿ. ಕೊರೆಯುವಾಗ ನೀರು ಹಾಯಿಸಿ, ಟವೆಲ್ ಬದಲು ಎನ್95 ಕಟ್ಟಿಕೊಳ್ಳಿ.

ಅಪ್ಪನಿಗೆ ನಾಲ್ಕನೇ ಹಂತ. ಮಾರ್ಫಿನ್ ಬರೆದಿದ್ದಾರೆ. ಅದು ಕೊನೆಯವರಿಗೆ ಕೊಡುವುದು, ಚಟ ಹತ್ತುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಕೀಮೋ ನಡುವೆ ಜ್ವರ ಬಂದರೆ? (ಬಸವನ ಬಾಗೇವಾಡಿ)

ಜ್ವರ ಮೊದಲು. ಕೀಮೋ ಆಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತೀರ ಇಳಿಯುತ್ತವೆ. ಆಗ 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ ಕೀಮೋ ಆಗಿದೆ ಎಂದು ಮೊದಲು ಹೇಳಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆವರೆಗೆ ಕಾಯಬೇಡಿ. ಥರ್ಮಾಮೀಟರ್ ಮನೆಯಲ್ಲಿರಲಿ. ಪೆಮೆಟ್ರೆಕ್ಸೆಡ್ ಎಂಬ ಕೀಮೋ ಕೊಡುವುದಿದ್ದರೆ ಏಳು ದಿನ ಮುಂಚಿನಿಂದ ಫೋಲಿಕ್ ಆ್ಯಸಿಡ್, ಜೊತೆಗೆ ಒಂಬತ್ತು ವಾರಕ್ಕೊಮ್ಮೆ ಬಿ12 ಇಂಜೆಕ್ಷನ್ ತಪ್ಪಿಸಬಾರದು.

ಮಾರ್ಫಿನ್ ನೋವಿಗೂ ದಮ್ಮಿಗೂ ಔಷಧ. ನೋವಿರುವವರಿಗೆ ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟರೆ ಚಟವಾಗುವುದು ಅಪರೂಪ, ಆಯಸ್ಸೂ ಕಡಿಮೆಯಾಗುವುದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಮೊದಲಿನಿಂದಲೇ ನೋವು-ಉಪಶಮನದ ವೈದ್ಯರನ್ನು ಸೇರಿಸಿದಾಗ ಅವರು ಹೆಚ್ಚು ದಿನ ಬದುಕಿದರೆಂದು 2010ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಸಾಮಾನ್ಯ ಗುಳಿಗೆಯ ಬಲ ನಾಲ್ಕು ಗಂಟೆ ಮಾತ್ರ, ನೋವು ಬರಲಿ ಎಂದು ಕಾಯದೆ ಹೊತ್ತಿಗೆ ಸರಿಯಾಗಿ ಕೊಡಿ. ಮಲಬದ್ಧತೆ ಖಂಡಿತ ಬರುತ್ತದೆ, ಮೊದಲ ದಿನದಿಂದಲೇ ಬಿಸಕೋಡಿಲ್‌ನಂಥ ಭೇದಿಗುಳಿಗೆ ಬರೆಸಿಕೊಳ್ಳಿ. ಮೊದಲ ಒಂದೆರಡು ದಿನ ನಿದ್ದೆಗಣ್ಣು, ವಾಕರಿಕೆ ಇದ್ದು ಹೋಗುತ್ತವೆ. ಕಿಡ್ನಿ ದುರ್ಬಲವಿದ್ದರೆ ಅಳತೆ ಕಡಿಮೆ ಮಾಡಬೇಕು, ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ. ದಮ್ಮು ಬಂದಾಗ ಮುಂದಕ್ಕೆ ಬಾಗಿ ಕೂರಿಸಿ ಮುಖಕ್ಕೆ ಫ್ಯಾನ್ ಹಚ್ಚಿ. ಬೆರಳಿನ ಯಂತ್ರದಲ್ಲಿ ಆಮ್ಲಜನಕ 90ಕ್ಕಿಂತ ಕೆಳಗಿದ್ದರೆ ಮಾತ್ರ ಸಿಲಿಂಡರ್ ಉಪಯೋಗಕ್ಕೆ ಬರುತ್ತದೆ. ಮಾರ್ಫಿನ್ ಎಲ್ಲ ಮೆಡಿಕಲ್ ಅಂಗಡಿಗಳಲ್ಲಿ ಸಿಗುವುದಿಲ್ಲ, ಪರವಾನಗಿ ಇರುವ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಗುಳಿಗೆ ಮುಗಿಯುವ ನಾಲ್ಕೈದು ದಿನ ಮುಂಚೆಯೇ ಚೀಟಿ ಹಿಡಿದು ಹೋಗಿ.